ಕಡಲು ಬೆಟ್ಟ ಹತ್ತುವ ನಾಡು

ಮಾಸ್ಕೋದಲ್ಲಿ ಮಧ್ಯಾಹ್ನ ಮೂರು ಗಂಟೆಯಾದಾಗ ಸೋವಿಯತ್ ಕಾಲದ ರೇಡಿಯೋ ಇನ್ನೊಂದು ಸಮಯವನ್ನೂ ಹೇಳುತ್ತಿತ್ತು: ಪೆತ್ರೊಪಾವ್ಲೊವ್‌ಸ್ಕ್-ಕಮ್ಚಾಟ್‌ಸ್ಕಿ ಊರಿನಲ್ಲಿ ಈಗ ನಡುರಾತ್ರಿ. ಒಂದೇ ದೇಶ, ಒಂಬತ್ತು ಗಂಟೆಗಳ ಅಂತರ. ರಷ್ಯಾದ ಶಾಲೆಗಳಲ್ಲಿ ತರಗತಿಯ ಕೊನೆಯ ಬೆಂಚಿಗೆ 'ಕಮ್ಚಾಟ್ಕಾ' ಎಂಬ ಅಡ್ಡಹೆಸರಿದೆ. ಮೇಷ್ಟರ ದನಿ ಮುಟ್ಟದಷ್ಟು ದೂರದ ಜಾಗ ಎಂದು ಅದರ ಅರ್ಥ.

ಏಷ್ಯಾದ ನಕ್ಷೆಯಲ್ಲಿ ಈಶಾನ್ಯದ ತುದಿಗೆ ಬೆರಳು ಒಯ್ದರೆ, ಪೆಸಿಫಿಕ್ ಸಾಗರಕ್ಕೂ ಒಖೋಟ್‌ಸ್ಕ್ ಸಮುದ್ರಕ್ಕೂ ನಡುವೆ ತಲೆ ಕೆಳಗಾಗಿ ತೂಗುಬಿದ್ದ ಮೀನಿನಂಥ ಒಂದು ಪರ್ಯಾಯ ದ್ವೀಪ ಕಾಣುತ್ತದೆ. ಅದೇ ಕಮ್ಚಾಟ್ಕಾ. ಉದ್ದ ಸುಮಾರು 1,200 ಕಿಲೋಮೀಟರ್. ವಿಸ್ತೀರ್ಣ ಸುಮಾರು 2.7 ಲಕ್ಷ ಚದರ ಕಿಲೋಮೀಟರ್, ಅಂದರೆ ಇಡೀ ಕರ್ನಾಟಕದ ಜೊತೆಗೆ ಎರಡು ಕೇರಳಗಳನ್ನು ಸೇರಿಸಿದಷ್ಟು. ಪರ್ಯಾಯ ದ್ವೀಪವನ್ನೂ ಅದರ ಉತ್ತರದ ನೆಲವನ್ನೂ ಸೇರಿಸಿ ಮಾಡಿದ ಆಡಳಿತ ಪ್ರಾಂತ್ಯದಲ್ಲಿ ಇರುವವರು ಮೂರು ಲಕ್ಷಕ್ಕೂ ಕಡಿಮೆ ಜನ, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಪೆತ್ರೊಪಾವ್ಲೊವ್‌ಸ್ಕ್ ಒಂದೇ ಊರಿನಲ್ಲಿದ್ದಾರೆ. ನೆಲದ ಮೂಲಕ ರಷ್ಯಾಕ್ಕೆ ಅಂಟಿಕೊಂಡಿದ್ದರೂ ಅಲ್ಲಿಂದ ಇಲ್ಲಿಗೆ ರೈಲಿಲ್ಲ, ಹೆದ್ದಾರಿಯೂ ಇಲ್ಲ. ಬರುವವರು ಮಾಸ್ಕೋದಿಂದ ಎಂಟು ಒಂಬತ್ತು ಗಂಟೆ ವಿಮಾನದಲ್ಲಿ ಕೂರಬೇಕು, ಇಲ್ಲವೇ ಹಡಗು ಹಿಡಿಯಬೇಕು. ನೌಕಾನೆಲೆಗಳಿದ್ದ ಕಾರಣಕ್ಕೆ ಸೋವಿಯತ್ ಆಡಳಿತ ಇದಕ್ಕೆ ಬೀಗ ಹಾಕಿತ್ತು. ಹೊರದೇಶದವರಿಗೆ ಬಾಗಿಲು ತೆರೆದದ್ದು 1990ರ ಸುಮಾರಿಗೆ.

ಪೆತ್ರೊಪಾವ್ಲೊವ್‌ಸ್ಕ್ ಊರನ್ನು 1740ರಲ್ಲಿ ಕಟ್ಟಿಸಿದವನು ಡೇನಿಶ್ ಮೂಲದ ನಾವಿಕ ವಿಟಸ್ ಬೇರಿಂಗ್. ತನ್ನ ಎರಡು ಹಡಗುಗಳ ಹೆಸರನ್ನೇ, ಸಂತ ಪೀಟರ್ ಮತ್ತು ಸಂತ ಪಾಲ್ ಹೆಸರುಗಳನ್ನೇ, ಊರಿಗೂ ಇಟ್ಟ. ಊರು ಕೂತಿರುವ ಅವಾಚಾ ಕೊಲ್ಲಿ ಜಗತ್ತಿನ ದೊಡ್ಡ ಸಹಜ ಬಂದರುಗಳಲ್ಲಿ ಒಂದು. ಕೊಲ್ಲಿಯ ಬಾಯಲ್ಲಿ 'ಮೂವರು ಅಣ್ಣತಮ್ಮಂದಿರು' ಎಂದು ಕರೆಯುವ ಮೂರು ಕಲ್ಲುಕಂಬಗಳು ನಿಂತಿವೆ. ಊರಿನ ಬೆನ್ನಿಗೆ ಕೊರ್ಯಾಕ್‌ಸ್ಕಿ (3,456 ಮೀಟರ್) ಮತ್ತು ಅವಾಚಿನ್‌ಸ್ಕಿ (2,741 ಮೀಟರ್) ಎಂಬ ಶಿಖರಗಳಿವೆ. ಎರಡೂ ಜೀವಂತ ಜ್ವಾಲಾಮುಖಿಗಳು. ಅಲ್ಲಿಯ ಜನ ಇವನ್ನು 'ಮನೆಯ ಜ್ವಾಲಾಮುಖಿಗಳು' ಎನ್ನುತ್ತಾರೆ. ಅಕ್ಷಾಂಶದ ಲೆಕ್ಕದಲ್ಲಿ ಊರು ಇಂಗ್ಲೆಂಡಿನಷ್ಟೇ ಉತ್ತರದಲ್ಲಿದೆ, ಆದರೆ ಉತ್ತರದಿಂದ ದಡಕ್ಕೆ ತಾಗಿಕೊಂಡು ಇಳಿಯುವ ಶೀತಪ್ರವಾಹ ಇಲ್ಲಿನ ಚಳಿಗಾಲವನ್ನು ಉದ್ದ ಮಾಡುತ್ತದೆ. ಜುಲೈ ತಿಂಗಳಲ್ಲೂ ಬೆಟ್ಟಗಳ ಸೆರಗಿನಲ್ಲಿ ಹಿಮ ಉಳಿದಿರುತ್ತದೆ. ಹತ್ತಿರದ ಖಲಕ್ತೀರ್‌ಸ್ಕಿ ಕಡಲದಂಡೆಯ ಮರಳು ಕಪ್ಪು, ಜ್ವಾಲಾಮುಖಿ ಕಲ್ಲನ್ನು ಅಲೆಗಳು ಅರೆದು ಮಾಡಿದ ಮರಳು.

ಕಮ್ಚಾಟ್ಕಾವನ್ನು ಮೊದಲ ಬಾರಿಗೆ ವಿವರವಾಗಿ ಬರೆದವನು ಸ್ಟೆಪಾನ್ ಕ್ರಾಶೆನಿನ್ನಿಕೋವ್. 1737ರಲ್ಲಿ ಇಲ್ಲಿಗೆ ಬಂದಾಗ ಅವನಿಗೆ ಇನ್ನೂ ಇಪ್ಪತ್ತಾರು ತುಂಬಿರಲಿಲ್ಲ. ದಾರಿಯಲ್ಲಿ ಹಡಗು ಸೋರತೊಡಗಿ ಸಾಮಾನುಗಳನ್ನೆಲ್ಲ ಸಮುದ್ರಕ್ಕೆ ಎಸೆಯಬೇಕಾಯಿತು. ಮೈಮೇಲಿನ ಬಟ್ಟೆಯಲ್ಲೇ ದಡ ಸೇರಿದ ಅವನು ನಾಲ್ಕು ವರ್ಷ ನಾಯಿಬಂಡಿಯಲ್ಲೂ ಕಾಲ್ನಡಿಗೆಯಲ್ಲೂ ತಿರುಗಿ ಗಿಡ, ಮೀನು, ಬೆಟ್ಟ, ಮಾತು, ಹಬ್ಬ ಎಲ್ಲವನ್ನೂ ಬರೆದಿಟ್ಟುಕೊಂಡ. ಪುಸ್ತಕ 1755ರಲ್ಲಿ ಹೊರಬಂತು. ಅವನು ತೀರಿಕೊಂಡದ್ದೂ ಅದೇ ವರ್ಷ.

ಇಲ್ಲಿನ ಮೂಲನಿವಾಸಿಗಳಾದ ಇತೆಲ್ಮೆನ್ ಜನರ ಒಂದು ನಂಬಿಕೆಯನ್ನು ಅವನೂ, ಅವನ ಜೊತೆಗಾರ ಗೆಯೋರ್ಗ್ ಸ್ಟೆಲ್ಲರ್ ಎಂಬ ಜರ್ಮನ್ ನಿಸರ್ಗತಜ್ಞನೂ ದಾಖಲಿಸಿದ್ದಾರೆ. ಹೊಗೆಯಾಡುವ ಬೆಟ್ಟಗಳೊಳಗೆ ಪ್ರೇತಗಳ ಸಂಸಾರವಿದೆ. ರಾತ್ರಿ ಅವು ಕಡಲಿಗೆ ಇಳಿದು ತಿಮಿಂಗಿಲ ಹಿಡಿಯುತ್ತವೆ, ಬೆರಳಿಗೊಂದರಂತೆ ಸಿಕ್ಕಿಸಿಕೊಂಡು ಬೆಟ್ಟಕ್ಕೆ ಮರಳಿ ಒಲೆ ಹೊತ್ತಿಸಿ ಬೇಯಿಸುತ್ತವೆ. ಹೊಗೆ ಬರುವುದು ಆ ಅಡುಗೆಯಿಂದ. ಬೆಟ್ಟದ ಮೇಲೆ ತಿಮಿಂಗಿಲದ ಮೂಳೆ ಬಿದ್ದಿರುವುದೇ ಇದಕ್ಕೆ ಸಾಕ್ಷಿ ಎನ್ನುತ್ತಿದ್ದರಂತೆ.

ಈ ಕಥೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಕಡಲಿನದನ್ನು ಬೆಟ್ಟಕ್ಕೆ ಒಯ್ದಾಗ ಬೆಟ್ಟ ಹೊತ್ತಿಕೊಳ್ಳುತ್ತದೆ ಎಂಬ ಅದರ ತಿರುಳು ಇವತ್ತಿನ ಭೂವಿಜ್ಞಾನ ಹೇಳುವುದಕ್ಕೆ ಬಹಳ ಹತ್ತಿರವಾಗಿದೆ.

ಪೆಸಿಫಿಕ್ ಸಾಗರದ ತಳ ಒಂದು ದೊಡ್ಡ ಕಲ್ಲಿನ ಹಾಸು. ಅದು ವರ್ಷಕ್ಕೆ ಸುಮಾರು 8 ಸೆಂಟಿಮೀಟರಿನಂತೆ ವಾಯವ್ಯಕ್ಕೆ ಸರಿಯುತ್ತದೆ, ನಮ್ಮ ಬೆರಳುಗುರು ಬೆಳೆಯುವುದಕ್ಕಿಂತ ಎರಡು ಪಟ್ಟು ಬೇಗ. ಕಮ್ಚಾಟ್ಕಾದ ಪೂರ್ವದ ಅಂಚಿನಲ್ಲಿ ಅದು ಬಾಗಿ ನೆಲದಡಿಗೆ ನುಗ್ಗುತ್ತದೆ. ಬಾಗುವ ಜಾಗದಲ್ಲಿ ಉಂಟಾದ ಕಂದಕ ಕೆಲವೆಡೆ 9 ಕಿಲೋಮೀಟರಿಗೂ ಹೆಚ್ಚು ಆಳವಿದೆ. ಕೆಳಗಿಳಿದ ಹಾಸೇ ಬಿಸಿಗೆ ಕರಗಿ ಲಾವಾ ಆಗುತ್ತದೆ ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ಅದು ಸರಿಯಾದ ಚಿತ್ರವಲ್ಲ. ಆ ಹಾಸು ಕೋಟ್ಯಂತರ ವರ್ಷ ಸಮುದ್ರದಡಿ ಮಲಗಿ ತಣ್ಣಗಾಗಿದೆ, ಸುಲಭಕ್ಕೆ ಕರಗುವುದಿಲ್ಲ. ಆದರೆ ಅಷ್ಟು ಕಾಲ ಕಡಲಿನಡಿ ಇದ್ದುದರಿಂದ ಅದರ ಖನಿಜಗಳ ಒಳಗೇ ನೀರು ಸೇರಿಕೊಂಡಿದೆ. ಸುಮಾರು 100 ಕಿಲೋಮೀಟರ್ ಆಳಕ್ಕೆ ಇಳಿದಾಗ ಒತ್ತಡಕ್ಕೂ ಕಾವಿಗೂ ಆ ಖನಿಜಗಳು ಒಡೆದು ನೀರನ್ನು ಬಿಟ್ಟುಕೊಡುತ್ತವೆ. ನೀರು ಮೇಲಿನ ಮ್ಯಾಂಟಲ್ ಪದರಕ್ಕೆ ಏರುತ್ತದೆ. ಅಲ್ಲಿನ ಬಂಡೆ ಸುಡುಸುಡು ಬಿಸಿಯಾಗಿದ್ದರೂ ಅಲ್ಲಿಯವರೆಗೆ ಘನವಾಗಿಯೇ ಇರುತ್ತದೆ. ನೀರು ತಾಗಿದ್ದೇ ತಡ, ಅದು ಕರಗುವ ಉಷ್ಣತೆ ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಕಾವು ಒಂದಿಷ್ಟೂ ಹೆಚ್ಚದೆ ಬಂಡೆ ಕರಗತೊಡಗುತ್ತದೆ. ಅಕ್ಕಸಾಲಿಗರು ಬೆಸುಗೆಗೆ ಬಿಳಿಗಾರ ಹಾಕುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಚಿಟಿಕೆ ಬಿಳಿಗಾರ ಬಿದ್ದರೆ ಹಟ ಹಿಡಿದ ಲೋಹ ಹರಿದು ಕೂಡಿಕೊಳ್ಳುತ್ತದೆ. ನಡೆಯುವ ಬಗೆ ಬೇರೆಯಾದರೂ, ಅಲ್ಲಿ ಬಿಳಿಗಾರದ ಕೆಲಸ, ಇಲ್ಲಿ ಸಮುದ್ರದ ನೀರಿನ ಕೆಲಸ.

ಹೀಗೆ ಹುಟ್ಟಿದ ಶಿಲಾಪಾಕ ಹಗುರವಾದ್ದರಿಂದ ಮೇಲೇರುತ್ತದೆ, ನೀರನ್ನೂ ಜೊತೆಗೇ ಹೊತ್ತು ತರುತ್ತದೆ. ನೆಲದ ಹತ್ತಿರ ಬಂದು ಒತ್ತಡ ಕಡಿಮೆಯಾದಾಗ ಆ ನೀರು ಆವಿಯಾಗಿ ಉಬ್ಬುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೂ ಇದೇ. ಬೆಟ್ಟದ ಬಾಯಿಂದ ಏರುವ ಬಿಳಿ ಮೋಡದಲ್ಲಿ ಬಹುಪಾಲು ನೀರಾವಿ. ಅದರಲ್ಲಿ ಒಂದು ಪಾಲು ಎಂದೋ ಪೆಸಿಫಿಕ್‌ನ ತಳಕ್ಕೆ ಇಳಿದಿದ್ದ ಕಡಲ ನೀರು, ಭೂಮಿಯ ಒಡಲು ಸುತ್ತಿ ಮರಳಿ ಬಂದದ್ದು. ನಮ್ಮ ದೇಶದ ಏಕೈಕ ಜೀವಂತ ಜ್ವಾಲಾಮುಖಿಯಾದ ಅಂಡಮಾನಿನ ಬ್ಯಾರನ್ ದ್ವೀಪದಲ್ಲೂ ನಡೆಯುವುದು ಇದೇ ಕ್ರಿಯೆ. ಅಲ್ಲಿ ನುಗ್ಗುವುದು ಹಿಂದೂ ಮಹಾಸಾಗರದ ತಳ. ಕರ್ನಾಟಕದ ನೆಲವೂ ಒಂದು ಕಾಲಕ್ಕೆ ಬೆಂಕಿ ಕಂಡದ್ದೇ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಈಗಲೂ ಕಾಣಸಿಗುತ್ತದೆ. ಅದಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ನಮ್ಮದು ಆರಿ ಎಷ್ಟೋ ಯುಗ ಕಳೆದ ಒಲೆ. ಕಮ್ಚಾಟ್ಕಾದಲ್ಲಿ ಅನ್ನ ಇನ್ನೂ ಬೇಯುತ್ತಿದೆ.

ಇಲ್ಲಿರುವ ಜ್ವಾಲಾಮುಖಿಗಳು ಒಟ್ಟು ಮುನ್ನೂರರ ಹತ್ತಿರ, ಅವುಗಳಲ್ಲಿ ಜೀವಂತವಾದವು ಸುಮಾರು ಮೂವತ್ತು. ಯುನೆಸ್ಕೋ 1996ರಲ್ಲಿ ಇವುಗಳ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲಕ್ಕೂ ಎತ್ತರದ್ದು ಕ್ಲ್ಯೂಚೆವ್‌ಸ್ಕಾಯಾ, ಸುಮಾರು 4,750 ಮೀಟರ್. ಯುರೋಪ್ ಏಷ್ಯಾಗಳೆರಡನ್ನೂ ಸೇರಿಸಿ ನೋಡಿದರೂ ಇಷ್ಟೆತ್ತರದ ಜೀವಂತ ಜ್ವಾಲಾಮುಖಿ ಇನ್ನೊಂದಿಲ್ಲ. ಅಷ್ಟು ದೊಡ್ಡ ಬೆಟ್ಟದ ವಯಸ್ಸು ಬರೀ ಏಳು ಸಾವಿರ ವರ್ಷದ ಆಸುಪಾಸು. ನಮ್ಮ ಪಶ್ಚಿಮ ಘಟ್ಟಗಳ ಮುಂದೆ ಅದು ತೊಟ್ಟಿಲ ಕೂಸು. ಮಳೆ, ನದಿಗಳು ಕೊರೆದು ವಿರೂಪಗೊಳಿಸಲು ಇನ್ನೂ ಸಮಯ ಸಿಕ್ಕಿಲ್ಲ. ಅದರ ಕೋನಾಕಾರ ಅಷ್ಟು ತಿದ್ದಿದಂತೆ ಇರುವುದಕ್ಕೆ ಇದೂ ಒಂದು ಕಾರಣ.

ಪಾಕದ ಹದ ಬೆಟ್ಟದಿಂದ ಬೆಟ್ಟಕ್ಕೆ ಬೇರೆ. ತೊಲ್ಬಾಚಿಕ್‌ನದು ತೆಳು ಪಾಕ. 1975-76ರಲ್ಲೂ 2012-13ರಲ್ಲೂ ಅದರ ಬಿರುಕುಗಳಿಂದ ಲಾವಾ ನದಿಯಂತೆ ಹರಿಯಿತು. ಅದರ ಪಕ್ಕದ ಬೆಜಿಮ್ಯಾನಿಯದು ಗಟ್ಟಿ ಪಾಕ. ಆ ಹೆಸರಿನ ಅರ್ಥವೇ 'ಹೆಸರಿಲ್ಲದ್ದು'. ಸತ್ತುಹೋಗಿದೆ ಎಂದುಕೊಂಡಿದ್ದ ಬೆಟ್ಟಕ್ಕೆ ಹೆಸರಿಡುವ ಗೋಜಿಗೂ ಯಾರೂ ಹೋಗಿರಲಿಲ್ಲ. 1955ರ ಶರತ್ಕಾಲದಲ್ಲಿ ಅದು ಗುಡುಗತೊಡಗಿತು. ಗಟ್ಟಿ ಪಾಕ ಹೊರಹರಿಯಲಾರದೆ ಒಳಗೇ ಉಬ್ಬಿ ಬೆಟ್ಟದ ಮಗ್ಗುಲನ್ನು ದೂಡಿತು. 1956ರ ಮಾರ್ಚ್ 30ರಂದು ಆ ಮಗ್ಗುಲೇ ಕುಸಿದು, ಸ್ಫೋಟ ಮೇಲಕ್ಕೆ ಹೋಗುವ ಬದಲು ಅಡ್ಡಕ್ಕೆ ಸಿಡಿಯಿತು. ಇಪ್ಪತ್ತು ಕಿಲೋಮೀಟರಿನಾಚೆಯ ಮರಗಳೂ ಉರುಳಿದವು. ಸುತ್ತ ಜನವಸತಿ ಇಲ್ಲದ್ದರಿಂದ ಒಂದು ಜೀವವೂ ಹೋಗಲಿಲ್ಲ. ಜ್ವಾಲಾಮುಖಿತಜ್ಞ ಗಿಯೋರ್ಗಿ ಗೋರ್ಶ್ಕೋವ್ ಈ ಅಡ್ಡ ಸ್ಫೋಟವನ್ನು ಅಧ್ಯಯನ ಮಾಡಿ ಬರೆದ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಹೀಗೆಯೇ ಸಿಡಿದಾಗ, ಹೆಸರಿಲ್ಲದ ಆ ಬೆಟ್ಟದ ಹೆಸರು ಜಗತ್ತಿನ ಜ್ವಾಲಾಮುಖಿತಜ್ಞರ ಬಾಯಲ್ಲಿ ಓಡಾಡಿತು.

ಇನ್ನೂ ಉತ್ತರದ ಶಿವೆಲುಚ್ 2023ರ ಏಪ್ರಿಲ್‌ನಲ್ಲಿ ಸಿಡಿದಾಗ ಕ್ಲ್ಯೂಚಿ ಎಂಬ ಹಳ್ಳಿಯ ಮೇಲೆ ಎಂಟು ಸೆಂಟಿಮೀಟರಿಗೂ ದಪ್ಪ ಬೂದಿ ಕೂತಿತು. ಅಮೆರಿಕಕ್ಕೂ ಪೂರ್ವ ಏಷ್ಯಾಕ್ಕೂ ನಡುವಿನ ವಿಮಾನದಾರಿ ಈ ಬೆಟ್ಟಗಳ ಸಾಲಿಗೆ ಹತ್ತಿರದಲ್ಲೇ ಹಾದುಹೋಗುತ್ತದೆ. ಬೂದಿ ಎಂದರೆ ಗಾಜಿನ ಚೂರು. ಎಂಜಿನ್ನಿನ ಕಾವಿಗೆ ಕರಗಿ ಒಳಗೆ ಮೆತ್ತಿಕೊಂಡರೆ ಎಂಜಿನ್ ಆರಿಹೋಗುತ್ತದೆ. ಹಾಗಾಗಿ 1993ರಿಂದ ಪೆತ್ರೊಪಾವ್ಲೊವ್‌ಸ್ಕ್‌ನ ವಿಜ್ಞಾನಿಗಳ ತಂಡವೊಂದು ಉಪಗ್ರಹ ಚಿತ್ರ, ಕ್ಯಾಮೆರಾ, ಕಂಪನಮಾಪಕಗಳನ್ನು ನೋಡುತ್ತಾ ವಿಮಾನಗಳಿಗೆ ಎಚ್ಚರಿಕೆ ಕಳಿಸುತ್ತಿದೆ. ಕಡಲಾಚೆ ನಿದ್ದೆಯಲ್ಲಿ ಹಾರುವ ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಅಂಥ ತಂಡವೊಂದು ಇರುವುದೂ ತಿಳಿದಿರುವುದಿಲ್ಲ.

ಕ್ರೊನೊತ್‌ಸ್ಕಿ ಅಭಯಾರಣ್ಯದ ಕಥೆ ಬೇರೆ ಬಗೆಯದು. 1941ರ ಏಪ್ರಿಲ್. ತಾತ್ಯಾನಾ ಉಸ್ತಿನೋವಾ ಎಂಬ ತರುಣ ಭೂವಿಜ್ಞಾನಿ, ಇತೆಲ್ಮೆನ್ ಜನಾಂಗದ ಅನಿಸಿಫೋರ್ ಕ್ರುಪೆನಿನ್ ಅವರನ್ನು ದಾರಿಗೆ ಜೊತೆ ಮಾಡಿಕೊಂಡು, ನಾಯಿಬಂಡಿಯಲ್ಲಿ ಶುಮ್ನಾಯಾ ನದಿಯ ಮೂಲ ಹುಡುಕಿ ಹೊರಟರು. ದಣಿದು ಹಿಮದ ಇಳಿಜಾರಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ, ಎದುರು ದಡದಿಂದ ಇದ್ದಕ್ಕಿದ್ದಂತೆ ಕುದಿನೀರಿನ ಧಾರೆಯೊಂದು ಆವಿಯ ಸಮೇತ ಅವರತ್ತ ಚಿಮ್ಮಿತು. ಬೆದರಿದರು. ಆಮೇಲೆ ಉಸ್ತಿನೋವಾ ಅವರಿಗೆ ಹೊಳೆಯಿತು, ಇದು ಗೀಸರ್, ನೆಲದಿಂದ ಆಗಾಗ ಚಿಮ್ಮುವ ಬಿಸಿನೀರ ಚಿಲುಮೆ. ಅಂಥದ್ದು ತಮ್ಮ ದೇಶದಲ್ಲಿ ಇದೆಯೆಂದು ಅಂದಿನವರೆಗೆ ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ. ಅದಕ್ಕೆ 'ಚೊಚ್ಚಲು' ಎಂಬರ್ಥದ ಪೆರ್ವೆನೆತ್ಸ್ ಎಂದು ಹೆಸರಿಟ್ಟರು. ಬೇಸಿಗೆಯಲ್ಲಿ ಇಬ್ಬರೂ ಮತ್ತೆ ಬಂದು ಕಣಿವೆಯೊಳಕ್ಕೆ ಇಳಿದಾಗ ಒಂದರ ಹಿಂದೊಂದು ಚಿಲುಮೆಗಳು ಕಂಡವು. ಆ ಹೊತ್ತಿಗೆ ದೇಶ ಮಹಾಯುದ್ಧಕ್ಕೆ ಸಿಕ್ಕಿಯಾಗಿತ್ತು. ಸುಮಾರು ಆರು ಕಿಲೋಮೀಟರಿನ ಈ ಕಣಿವೆಯಲ್ಲಿ ಎಣಿಸಿದ ಗೀಸರುಗಳು ತೊಂಬತ್ತರ ಹತ್ತಿರ.

ಗೀಸರ್ ಕೆಲಸ ಮಾಡುವ ರೀತಿಯನ್ನು ನಮ್ಮ ಅಡುಗೆಮನೆಯ ಕುಕ್ಕರ್ ಹೇಳಿಕೊಡುತ್ತದೆ. ಒತ್ತಡ ಹೆಚ್ಚಿದರೆ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, ಇನ್ನೂ ಬಿಸಿಯಾಗಬೇಕು. ನೆಲದೊಳಗೆ ಕಿರಿದಾದ ಕೊಳವೆಯಂಥ ಬಿರುಕು, ಕೆಳಗೆ ಬಿಸಿ ಬಂಡೆ. ತಳದ ನೀರಿನ ಮೇಲೆ ಇಡೀ ಕೊಳವೆಯ ನೀರಿನ ಭಾರ ಕೂತಿರುವುದರಿಂದ ಅದು ನೂರು ದಾಟಿದರೂ ಕುದಿಯದೆ ಕಾಯುತ್ತಿರುತ್ತದೆ. ಕೊನೆಗೆ ಕೆಲವು ಗುಳ್ಳೆಗಳೆದ್ದು ಮೇಲಿನ ನೀರನ್ನು ಹೊರಚೆಲ್ಲುತ್ತವೆ. ಭಾರ ತಗ್ಗುತ್ತದೆ. ತಗ್ಗಿದ ಆ ಕ್ಷಣವೇ ತಳದ ನೀರೆಲ್ಲ ಒಟ್ಟಿಗೆ ಆವಿಯಾಗಿ ಕೊಳವೆಯನ್ನು ಬರಿದು ಮಾಡುತ್ತದೆ. ಮತ್ತೆ ನೀರು ತುಂಬಬೇಕು, ಮತ್ತೆ ಕಾಯಬೇಕು. ಈ ಕಣಿವೆಯ ಅತಿ ದೊಡ್ಡದಾದ ವೆಲಿಕಾನ್, ಅಂದರೆ 'ದೈತ್ಯ', ಹೀಗೆ ಗಂಟೆಗಟ್ಟಲೆ ತುಂಬಿಕೊಂಡು ಒಂದೆರಡು ನಿಮಿಷಗಳಲ್ಲಿ ಎಲ್ಲವನ್ನೂ ಉಗುಳಿಬಿಡುತ್ತದೆ.

2007ರ ಜೂನ್ 3ರಂದು ಕಣಿವೆಯ ಒಂದು ಪಾರ್ಶ್ವ ಜರಿದು ಬಿತ್ತು. ಪೆರ್ವೆನೆತ್ಸ್ ಮಣ್ಣಡಿಗೆ ಸೇರಿತು, ನದಿಗೆ ಅಡ್ಡಗಟ್ಟು ಬಿದ್ದು ಕೆರೆಯಾಯಿತು, ಹಲವು ಗೀಸರುಗಳು ಮುಳುಗಿದವು. 2014ರ ಜನವರಿಯ ಕೆಸರಿನ ಹರಿವು ಆ ಕೆರೆಯನ್ನು ಬಹುಪಾಲು ಖಾಲಿ ಮಾಡಿತು. ಕೆಲವು ಚಿಲುಮೆಗಳು ಮರಳಿದವು, ಹೊಸವೂ ಹುಟ್ಟಿದವು. ಕೆನಡಾದಲ್ಲಿ ಕೊನೆಯ ದಿನಗಳನ್ನು ಕಳೆದ ಉಸ್ತಿನೋವಾ 2009ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಈ ಕಣಿವೆಗೇ ತಂದು ಇರಿಸಿದ್ದಾರೆ.

ಪಕ್ಕದ ಉಜೋನ್ ಒಂದು ಕಾಲ್ಡೆರಾ. ಒಡಲಿನ ಪಾಕವೆಲ್ಲ ಹೊರಚೆಲ್ಲಿದ ಮೇಲೆ ಬೆಟ್ಟವೇ ಕುಸಿದು ಆದ, ಸುಮಾರು ಹತ್ತು ಕಿಲೋಮೀಟರ್ ಅಗಲದ ಬೋಗುಣಿ. ಅದರ ಕುದಿಹೊಂಡಗಳಲ್ಲಿ ಗಂಧಕವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳಿವೆ. ಹಳದಿ, ಹಸಿರು, ಕಂದು ಬಣ್ಣದ ಪದರಗಳಾಗಿ ಅಂಚಿನಲ್ಲಿ ಹಾಸಿಕೊಂಡಿರುತ್ತವೆ. ಭೂಮಿಯ ಆದಿಕಾಲದ ಜೀವ ಹೇಗಿದ್ದಿರಬಹುದೆಂದು ಹುಡುಕುವವರು ಇಲ್ಲಿಗೆ ಬಂದು ಸೀಸೆಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಹತ್ತಿರದಲ್ಲೇ 'ಸಾವಿನ ಕಣಿವೆ' ಎಂಬ ತಗ್ಗಿದೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಅಲ್ಲಿ ನಿಂತು, ಬಂದ ನರಿ ಹಕ್ಕಿಗಳನ್ನು ಅಲ್ಲಿಯೇ ಕೆಡವುತ್ತವೆ.

ಕಡಲು ಈ ನಾಡಿಗೆ ಏರುವ ಎರಡನೆಯ ದಾರಿ ನದಿಗಳದು. ಪೆಸಿಫಿಕ್ ಸಾಲ್ಮನ್ ಮೀನಿನ ಆರು ಜಾತಿಗಳು ಇಲ್ಲಿನ ಹೊಳೆಗಳಲ್ಲಿ ಹುಟ್ಟಿ, ಕಡಲಿಗೆ ಇಳಿದು, ವರ್ಷಗಳ ಮೇಲೆ ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತವೆ. ಇವುಗಳ ವೈಜ್ಞಾನಿಕ ಹೆಸರುಗಳಲ್ಲಿ ಬರುವ ನೆರ್ಕಾ, ಕೇತಾ, ಗೋರ್ಬುಶಾ ಎಂಬ ಪದಗಳು ಸ್ಟೆಲ್ಲರನ ಕಾಲದಲ್ಲಿ ಇಲ್ಲಿನ ಬೆಸ್ತರ ಬಾಯಲ್ಲಿದ್ದವೇ. ಪರ್ಯಾಯ ದ್ವೀಪದ ದಕ್ಷಿಣ ತುದಿಯ ಕುರೀಲ್ ಸರೋವರ ಏಷ್ಯಾದಲ್ಲೇ ನೆರ್ಕಾ ಮೀನಿನ ಅತಿ ದೊಡ್ಡ ಹೆರಿಗೆಮನೆ. ಅದೂ ಒಂದು ಕಾಲ್ಡೆರಾ, ಎಂಟು ಸಾವಿರ ವರ್ಷಗಳಿಗೂ ಹಿಂದೆ ನಡೆದ ಭೀಕರ ಸ್ಫೋಟದ ಗುಂಡಿಗೆ ನೀರು ತುಂಬಿ ಆದದ್ದು. ಕಡಲಲ್ಲಿ ಬೆಳ್ಳಿಯಂತಿದ್ದ ಮೀನು ಹೊಳೆ ಹತ್ತುವಾಗ ಊಟ ಬಿಡುತ್ತದೆ, ಮೈ ಕೆಂಪಾಗುತ್ತದೆ, ಮೊಟ್ಟೆಯಿಟ್ಟು ಸಾಯುತ್ತದೆ.

ಆಗಸ್ಟ್‌ನಲ್ಲಿ ಆ ಸರೋವರದ ದಡಕ್ಕೆ ಕಂದು ಕರಡಿಗಳು ನೂರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಚಳಿಗಾಲದ ನಿದ್ದೆಗೆ ಬೇಕಾದ ಕೊಬ್ಬು ಇಲ್ಲೇ ಸಿಗಬೇಕು. ಮೀನು ಹೇರಳವಾಗಿರುವ ವರ್ಷ ಅವು ಮೊಟ್ಟೆ, ಚರ್ಮ, ಮಿದುಳು ಮಾತ್ರ ತಿಂದು ಉಳಿದದ್ದನ್ನು ಬಿಟ್ಟುಹೋಗುತ್ತವೆ. ಬಿಟ್ಟದ್ದಕ್ಕೆ ನರಿಗಳು, ಕಡಲಕಾಗೆಗಳು, ಸ್ಟೆಲ್ಲರನ ಹೆಸರಿನ ದೊಡ್ಡ ಕಡಲಹದ್ದುಗಳು ಕಾದಿರುತ್ತವೆ. ಕೊನೆಗೆ ಉಳಿದದ್ದು ಮಣ್ಣಿಗೆ. ಉತ್ತರ ಪೆಸಿಫಿಕ್‌ನ ಸಾಲ್ಮನ್ ನದಿಗಳ ದಡದ ಮರಗಳನ್ನು ಪರೀಕ್ಷಿಸಿದಾಗ, ಕಡಲಿನ ಗುರುತು ಹೊತ್ತ ಸಾರಜನಕ ಎಲೆಗಳಲ್ಲಿ ಸಿಕ್ಕಿದೆ. ನಾಲ್ಕು ಕಾಲಿನ ಮೇಲೆ ಕಡಲು ಕಾಡಿಗೆ ಹೋಗುತ್ತದೆ. ಹೊಳೆದಂಡೆಯ ಹುಲ್ಲುಗಿಡಗಳು ಒಂದೇ ಬೇಸಿಗೆಯಲ್ಲಿ ಆಳೆತ್ತರ ಮೀರಿ ನಿಲ್ಲುವ ನಾಡು ಇದು. ಬೆಟ್ಟದ ಬೂದಿ ಮತ್ತು ಕಡಲಿನ ಮೀನು ಎರಡೂ ಗೊಬ್ಬರವಾದರೆ ಹಾಗಾಗದೆ ಇದ್ದೀತೇ?

ಹೋಗಬೇಕೆನ್ನುವವರಿಗೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ ದಿನಗಳೇ ಸರಿ, ಸೊಳ್ಳೆ ಕಾಟವಿದ್ದರೂ. ಗೀಸರುಗಳ ಕಣಿವೆಗೆ ಸಾಮಾನ್ಯವಾಗಿ ಹೆಲಿಕಾಪ್ಟರಿನಲ್ಲೇ ಹೋಗಬೇಕು, ಮೋಡ ಕವಿದರೆ ದಿನಗಟ್ಟಲೆ ಕಾಯಬೇಕು, ಖರ್ಚೂ ಬಹಳ. ಕಣಿವೆಯಲ್ಲಿ ಮರದ ಹಲಗೆಯ ಹಾದಿ ಬಿಟ್ಟು ಕಾಲಿಡುವಂತಿಲ್ಲ, ಏಕೆಂದರೆ ಗಟ್ಟಿಯಾಗಿ ಕಾಣುವ ಹುಲ್ಲುನೆಲದಡಿ ಕುದಿಯುವ ಕೆಸರಿರಬಹುದು. ನನ್ನನ್ನು ಕೇಳಿದರೆ ಗೀಸರಿಗಿಂತ ಮುತ್ನೋವ್‌ಸ್ಕಿ ಜ್ವಾಲಾಮುಖಿಯನ್ನೇ ಮೊದಲು ಹೇಳುತ್ತೇನೆ. ಬೇಸಿಗೆಯಲ್ಲಿ ದಾರಿಬಲ್ಲವರ ಜೊತೆ ಅದರ ಬಾಯೊಳಕ್ಕೇ ನಡೆದು ಹೋಗಬಹುದು. ಒಂದು ಮಗ್ಗುಲಿಗೆ ಹಿಮನದಿಯ ನೀಲಿ ಗೋಡೆ, ಇನ್ನೊಂದು ಮಗ್ಗುಲಿಗೆ ಗಂಧಕದ ಹಳದಿ ಹಚ್ಚಿಕೊಂಡು ಭುಸುಗುಡುವ ಆವಿಯ ಕಂಡಿಗಳು. ಅದೇ ಬೆಟ್ಟದ ಬುಡದ ಆವಿಯಿಂದ ತಯಾರಾದ ವಿದ್ಯುತ್ತು ಪೆತ್ರೊಪಾವ್ಲೊವ್‌ಸ್ಕ್‌ನ ಮನೆಗಳನ್ನು ಬೆಳಗುತ್ತದೆ. ಕರಡಿ ನೋಡಹೋಗುವವರು ಮಿಚಿಯೋ ಹೊಶಿನೋ ಅವರನ್ನು ನೆನೆಯಬೇಕು. ಕರಡಿಗಳ ಚಿತ್ರಗಳಿಗೆ ಹೆಸರಾದ ಆ ಜಪಾನಿ ಛಾಯಾಗ್ರಾಹಕ 1996ರ ಆಗಸ್ಟ್‌ನಲ್ಲಿ ಕುರೀಲ್ ಸರೋವರದ ದಡದ ಡೇರೆಯಲ್ಲಿ ಮಲಗಿದ್ದಾಗ ಕರಡಿಗೆ ಬಲಿಯಾದರು. 2022ರ ಸೆಪ್ಟೆಂಬರ್‌ನಲ್ಲಿ ಕ್ಲ್ಯೂಚೆವ್‌ಸ್ಕಾಯಾ ಹತ್ತಲು ಹೋದ ಹನ್ನೆರಡು ಮಂದಿಯಲ್ಲಿ ಒಂಬತ್ತು ಜನ ಮರಳಲಿಲ್ಲ.

ಅಪಾಯ ಹೊರಗಿನಿಂದ ಹೋದವರಿಗಷ್ಟೇ ಅಲ್ಲ. 1952ರ ನವೆಂಬರ್‌ನಲ್ಲಿ ಈ ಕರಾವಳಿಯಾಚೆ 9.0 ಪ್ರಮಾಣದ ಭೂಕಂಪವಾಗಿ, ಸುನಾಮಿ ಸೆವೆರೊ-ಕುರೀಲ್‌ಸ್ಕ್ ಎಂಬ ಊರನ್ನೇ ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಸತ್ತರು, ಸರ್ಕಾರ ದಶಕಗಳ ಕಾಲ ಅದನ್ನು ಮುಚ್ಚಿಟ್ಟಿತು. ಸಾಗರದ ತಳ ವರ್ಷಕ್ಕೆ 8 ಸೆಂಟಿಮೀಟರಿನಂತೆ ತಳ್ಳುತ್ತಲೇ ಇತ್ತು. ಎಪ್ಪತ್ತಮೂರು ವರ್ಷಕ್ಕೆ ಅದು ಆರು ಮೀಟರಿನಷ್ಟಾಗುತ್ತದೆ. ಅಲ್ಲಿಯವರೆಗೆ ಕೂಡಿಟ್ಟ ಬಿಗುವು 2025ರ ಜುಲೈ 30ರ ಬೆಳಿಗ್ಗೆ ಬಿಟ್ಟುಕೊಂಡಿತು. 8.8 ಪ್ರಮಾಣದ ಕಂಪನ. ಜಪಾನಿನಿಂದ ಹವಾಯಿವರೆಗೆ ದಂಡೆಯ ಜನ ಎತ್ತರದ ಜಾಗಗಳಿಗೆ ಓಡಿದರು. ಈ ಸಲ ಎಚ್ಚರಿಕೆ ಹೊತ್ತಿಗೆ ಮುಟ್ಟಿತ್ತು.

ಅದಾಗಿ ಕೆಲವೇ ದಿನಕ್ಕೆ, ಶತಮಾನಗಳಿಂದ ತಣ್ಣಗಿದ್ದ ಬೆಟ್ಟವೊಂದು ಕ್ರೊನೊತ್‌ಸ್ಕಿ ಅಭಯಾರಣ್ಯದಲ್ಲಿ ಬೂದಿಯ ಕಂಬ ಎಬ್ಬಿಸಿತು. ತಿಮಿಂಗಿಲದ ಅಡುಗೆಯ ಕಥೆಯನ್ನು ಕೇಳಿ ಬರೆದಿಟ್ಟ ಆ ಹುಡುಗ ಕಮ್ಚಾಟ್ಕಾದಲ್ಲಿದ್ದ ನಾಲ್ಕು ವರ್ಷವೂ ಅದು ಸುಮ್ಮನೇ ಮಲಗಿತ್ತು. ಆಮೇಲೆ ಜನ ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ದರು, ಕ್ರಾಶೆನಿನ್ನಿಕೋವ್.